ಹಾಸು ಮುಗಿಯುವ ಪರ್ಯಂತ

ಕಲ್ಯಾಣದುರ್ಗದ ಕಚೇರಿಯೊಂದರಲ್ಲಿ ನಾನು ಬಹಳ ವರ್ಷ ತೆಲುಗು ಟೈಪಿಸ್ಟ್ ಆಗಿದ್ದೆ. ಹೊಡೆದ ಕಾಗದಗಳನ್ನೆಲ್ಲ ಪೇರಿಸಿಟ್ಟರೆ ನಮ್ಮ ಮನೆಯ ಸೂರು ಮುಟ್ಟಬಹುದು. ಅಷ್ಟರಲ್ಲಿ ನಾನು ಮಾಡಿದ ದೊಡ್ಡ ತಪ್ಪು ಒಂದೇ, ಅದೂ ಒಂದೇ ಸಾಲಿನಲ್ಲಿ. ಅಕ್ಷರದ ತಪ್ಪಲ್ಲ, ಅಕ್ಷರದಲ್ಲಿ ತಪ್ಪುವವಳಲ್ಲ ನಾನು. ಆ ಜಂಬ ನನಗಿತ್ತು, ಈಗಲೂ ಸ್ವಲ್ಪ ಇದೆ. ಅದನ್ನು ಅರ್ಧಕ್ಕಾದರೂ ಇಳಿಸಿದವಳು ಹೆಬ್ಬೆಟ್ಟು ಒತ್ತುತ್ತಿದ್ದ ನನ್ನ ಸೋದರತ್ತೆ.

ಅತ್ತೆ ನಮ್ಮ ಅಪ್ಪನಿಗೆ ಅಕ್ಕ. ಹಿಂದೂಪುರದಲ್ಲಿ ಅವಳದೇ ಒಂದು ಮನೆಯಿತ್ತು: ಮುಂದೆ ಮಗ್ಗದ ಕೋಣೆ, ಹಿಂದೆ ಎರಡು ಕೋಣೆ, ಅಡುಗೆಮನೆ, ಹಿತ್ತಲಲ್ಲಿ ಒಂದು ನುಗ್ಗೆ ಮರ. ನಮ್ಮದು ನೇಯ್ಗೆಯ ಮನೆತನ. ಅಪ್ಪ ಮಾತ್ರ ಚಿಕ್ಕ ವಯಸ್ಸಿನಲ್ಲೇ ಮಗ್ಗಕ್ಕೆ ಕೈಮುಗಿದು ಕಲ್ಯಾಣದುರ್ಗಕ್ಕೆ ಬಂದು ಬಟ್ಟೆ ಅಂಗಡಿ ಇಟ್ಟ. ಸೀರೆ ನೇಯುವವನ ಬೆನ್ನಿಗಿಂತ ಸೀರೆ ಮಡಿಸುವವನ ಬೆನ್ನು ನೆಟ್ಟಗಿರುತ್ತದೆ ಎನ್ನುವುದು ಅವನ ಸಿದ್ಧಾಂತ. ಹಾಗಾಗಿ ನಾನು ಸೀರೆ ಉಡುವುದು ಕಲಿತೆ, ಟೈಪು ಕಲಿತೆ, ಮಗ್ಗದ ಗಂಧಗಾಳಿ ಸೋಕಲಿಲ್ಲ.

ಅತ್ತೆಗೆ ಮಕ್ಕಳಿಲ್ಲ. ಮಾವ ತೀರಿಕೊಂಡ ಮೇಲೆ ಅವಳೇ ಅವನ ಗುಂಡಿಗೆ ಇಳಿದಳು. ಗುಂಡಿ ಮಗ್ಗ ನೋಡದವರಿಗೆ ಹೇಳುತ್ತೇನೆ: ನೆಲದಲ್ಲಿ ಸೊಂಟದಾಳದ ಒಂದು ಗುಂಡಿ, ಅದರ ಅಂಚಿನಲ್ಲಿ ಕುಳಿತು ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ, ಕೈಯಲ್ಲಿ ಲಾಳಿ ಎಸೆಯುತ್ತ ನೇಯಬೇಕು. ಇಳಿದವಳು ಊಟ, ನಿದ್ದೆ, ಸಂತೆಗೆ ಬಿಟ್ಟರೆ ಮೇಲೆ ಬಂದದ್ದೇ ಕಡಿಮೆ ಎಂದು ಅಪ್ಪ ಕುಚೋದ್ಯ ಮಾಡುತ್ತಿದ್ದ. ಅವಳ ರೇಷ್ಮೆ ಸೀರೆಗೆ ಹಿಂದೂಪುರದ ಸಾಹುಕಾರರು ಮಾತಾಡದೆ ಬೆಲೆ ಕೊಡುತ್ತಿದ್ದರು. ಎಪ್ಪತ್ತು ದಾಟಿದರೂ ಯಾರ ಮುಂದೂ ಕೈಚಾಚಿದವಳಲ್ಲ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಾವು, ಅಂದರೆ ನಾನು ಮತ್ತು ಯಜಮಾನರು, ಕಲ್ಯಾಣದುರ್ಗದಲ್ಲಿ ಒಂದು ಸೈಟು ಮಾಡಿಕೊಂಡಿದ್ದೆವು. ಯಜಮಾನರು ಸರ್ಕಾರಿ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸದವರು. ಸೈಟಿಗೆ ಬೇಲಿ ಹಾಕುವ ಮೊದಲೇ ಮನೆಯ ಪ್ಲಾನು ಮೂರು ಸಲ ಬರೆದಿದ್ದರು. ಪ್ಲಾನು ಇತ್ತು, ಸೈಟು ಇತ್ತು, ಕಟ್ಟುವ ತಾಕತ್ತು ಇರಲಿಲ್ಲ. ಅದು ಅತ್ತೆಗೆ ಹೇಗೋ ತಿಳಿಯಿತು.

"ನಾನು ಹೋದ್ ಮ್ಯಾಲೆ ಯಾರ್ಯಾರೋ ಬಂದು ಗೋಡೆ ಅಳೀಬಾರ್ದು ಕಣಮ್ಮ," ಎಂದಳು ಒಂದು ಯುಗಾದಿಗೆ ಹೋದಾಗ. "ಇರೋವಾಗ್ಲೇ ನಿನ್ ಹೆಸರಿಗೆ ಬರ್ದುಬುಡ್ತೀನಿ. ಮಾರ್ಕೊ. ನಿಮ್ ಸೈಟ್ನಾಗೆ ಮನೆ ಕಟ್ಕೊ. ನಾನೂ ನಿಂತಾವೇ ಬಂದ್ಬುಡ್ತೀನಿ."

ಯಜಮಾನರು ಕೂಡಲೇ ಚೀಲದಿಂದ ನೀಲಿ ನಕ್ಷೆ ತೆಗೆದು ಹಾಸಿ, ಇದು ಹಾಲು, ಇದು ದೇವರ ಮನೆ, ಇದು ಶೋಕೇಸು, ಇದು ನಿಮ್ಮ ರೂಮು ಅತ್ತೆ, ಎಂದು ಬೆರಳಿಟ್ಟು ತೋರಿಸಿದರು. ಅತ್ತೆ ಬಹಳ ಹೊತ್ತು ನೋಡಿದಳು.

"ಚೆಂದಾಗೈತೆ," ಎಂದಳು. ಆಮೇಲೆ, "ಒಂದೇ ಮಾತು. ಮಗ್ಗದ ಮ್ಯಾಲೆ ಒಂದು ಹಾಸೈತೆ. ಅದು ಮುಗಿಯೋಗಂಟ ಮನೇಲಿ ನಾನಿರ್ತೀನಿ. ಅದನ್ನ ಕಾಗದದಾಗೆ ಬರೀಬೇಕು."

ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ಎಳೆಗಳು ಎಂಬಷ್ಟು ನನಗೂ ಗೊತ್ತಿತ್ತು. ಎಷ್ಟು ಸೀರೆಯ ಹಾಸು ಎಂದು ಕೇಳಿದೆ. ಮೂರು ಸೀರೆ ಉಳಿದಿದೆ ಎಂದಳು. ಯಜಮಾನರು ಮನಸ್ಸಿನಲ್ಲೇ ಗುಣಿಸಿ, ಎರಡು ತಿಂಗಳು ಎಂದು ನನ್ನ ಕಿವಿಯಲ್ಲಿ ಹೇಳಿದರು. ಎರಡು ತಿಂಗಳಿಗೆ ಮುದುಕಿಯ ಮನಸ್ಸು ಯಾಕೆ ನೋಯಿಸುವುದು ಎಂದುಕೊಂಡೆವು.

ದಾನಪತ್ರವನ್ನು ನಾನೇ ಹೊಡೆದೆ. ತೆಲುಗಿನಲ್ಲಿದ್ದ ಆ ಸಾಲು ಕನ್ನಡದಲ್ಲಿ ಹೀಗಾಗುತ್ತದೆ: "ಸದರಿ ಮನೆಯ ಮಗ್ಗದ ಮೇಲಿನ ಹಾಸು ಮುಗಿಯುವ ಪರ್ಯಂತ ದಾನ ಕೊಟ್ಟವಳಿಗೆ ವಾಸದ ಹಕ್ಕು ಇರತಕ್ಕದ್ದು." ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂರುವ ದಸ್ತಾವೇಜು ಬರೆಯುವವನು ಅದನ್ನು ಓದಿ, "ಒಂದು ತಾರೀಖು ಹಾಕಿದ್ರೆ ಒಳ್ಳೇದಮ್ಮ," ಎಂದ. ಕಲಿತವಳಿಗೆ ಕಲಿಸಲು ಬಂದನಲ್ಲ ಎಂದು ನನಗೆ ಸಿಟ್ಟು ಬಂತು. "ಹಾಸು ಮುಗಿಯೋದು ಮಗ್ಗಕ್ಕೆ ಗೊತ್ತಾಗುತ್ತೆ, ಕ್ಯಾಲೆಂಡರಿಗೆ ಬೇಡ," ಎಂದೆ. ಪಕ್ಕದಲ್ಲಿ ಅತ್ತೆ ಎಲೆಗೆ ಸುಣ್ಣ ಸವರುತ್ತ ತಲೆ ಬಗ್ಗಿಸಿಕೊಂಡಿದ್ದಳು. ನಗುತ್ತಿದ್ದಳೆಂದು ಈಗ ಅನ್ನಿಸುತ್ತದೆ.

ಅವಳ ಹೆಬ್ಬೆಟ್ಟನ್ನು ಮೂರು ಸಲ ಒತ್ತಿಸಬೇಕಾಯಿತು. ಎಳೆ ಹೊಸೆದು ಹೊಸೆದು ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಕಾಗದದ ಮೇಲೆ ಬರೀ ಮಸಿಯ ಬೊಟ್ಟು ಮೂಡುತ್ತಿತ್ತು. ಯಾವ ಎಳೆ, ಯಾಕೆ ಹೊಸೆಯುತ್ತಾಳೆ ಎಂದು ಆಗಲೇ ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮನೆ ಕೊಳ್ಳುವವನೂ ಬೇಗ ಸಿಕ್ಕಿದ. ಚಿಲಮತ್ತೂರಿನ ಬಳಿ ಹೈವೇಯಲ್ಲಿ ಪಂಚರ್ ಅಂಗಡಿ ಇಟ್ಟಿದ್ದವನು. ಇಬ್ಬರು ಹೆಣ್ಣುಮಕ್ಕಳನ್ನು ಹಿಂದೂಪುರದ ಸ್ಕೂಲಿಗೆ ಹಾಕಬೇಕೆಂದು ಮನೆ ಹುಡುಕುತ್ತಿದ್ದ. ನುಗ್ಗೆ ಮರ ನೋಡಿಯೇ ಒಪ್ಪಿದ. ಹಾಸು ಮುಗಿಯಲಿ, ರಿಜಿಸ್ಟರು ಮಾಡಿಸೋಣ ಎಂದು ವೀಳ್ಯ ಬದಲಾಯಿಸಿಕೊಂಡೆವು. ಆಗಾಗ ಹೋಗಿ ಮಗ್ಗ ನೋಡಿ ನಮಗೆ ಕಾರ್ಡು ಬರೆಯುವುದು ಅವನ ಕೆಲಸವಾಯಿತು.

ಮೊದಲ ಕಾರ್ಡು: ಹಾಸು ಸುಮಾರು ಕರಗಿದೆ, ಅಮ್ಮನವರು ಆರೋಗ್ಯ. ಎರಡನೆಯದು: ಇನ್ನು ಒಂದು ಮೊಳ ಅಷ್ಟೇ ಇದೆ. ನಾವು ಕಲ್ಯಾಣದುರ್ಗದಲ್ಲಿ ಗಾರೆಯವನನ್ನು ಮಾತಾಡಿಸಿದೆವು. ಮೂರನೆಯದು: ಇಂದು ನೋಡಿದೆ, ಹಾಸು ಮತ್ತೆ ತುಂಬ ಇದೆ, ಇದು ಹೇಗೆ ತಿಳಿಯಲಿಲ್ಲ. ಪಂಚರ್ ಹಾಕುವವನಿಗೆ ಮಗ್ಗದ ಅಳತೆ ಏನು ಗೊತ್ತು ಎಂದುಕೊಂಡು ನಾನು, ಸರಿಯಾಗಿ ನೋಡಿ ಬರೆಯಿರಿ ಎಂದು ಖಾರವಾಗಿ ಉತ್ತರ ಹಾಕಿದೆ. ನಾಲ್ಕನೆಯ ಕಾರ್ಡು ತಡವಾಗಿ ಬಂತು. ಅಮ್ಮನವರು ನನಗೆ ಕಂಡಿಕೆ ಸುತ್ತುವುದು ಕಲಿಸಿದ್ದಾರೆ, ಚೆನ್ನಾಗಿ ಸುತ್ತುತ್ತೀಯ ಎಂದು ಹೇಳಿದರು, ಎಂದು ಬರೆದಿದ್ದ. ಕಂಡಿಕೆ ಅಂದರೆ ಲಾಳಿಯೊಳಗೆ ಇಡುವ ನೂಲಿನ ಸುರುಳಿ. ಮನೆ ಕೊಳ್ಳಲು ಹೋದವನು ಮಗ್ಗದ ಆಳಾಗಿಬಿಟ್ಟಿದ್ದ.

ಆ ಕಾರ್ಡನ್ನು ಅಪ್ಪನ ಅಂಗಡಿಗೆ ತೆಗೆದುಕೊಂಡು ಹೋದೆ. ಅಪ್ಪ ಓದಿ, ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಹಾಸು ಎಲ್ಲಾದ್ರೂ ಮುಗಿಯುತ್ತೇನಮ್ಮ? ಹಳೇದು ಒಂದು ಗೇಣು ಇರೋವಾಗ್ಲೇ ಹೊಸ ಹಾಸು ತಂದು, ಅದರ ಒಂದೊಂದೆಳೇನೂ ಹಳೇ ಎಳೆ ತುದಿಗೆ ಹೊಸೆದು ಕೂಡಿಸ್ತಾರೆ. ಬರೀ ಮಗ್ಗ ಮನೇಲಿ ಇರಬಾರ್ದು ಅಂತ ನಮ್ಮೋರ ಪದ್ಧತಿ. ನಿಮ್ ಮಾವನ ತಾತ ಹೂಡಿದ ಹಾಸು ಕಣೆ ಅದು. ಇವತ್ತಿನ ಗಂಟ ಮುಗಿದಿಲ್ಲ."

"ನಿನಗೆ ಗೊತ್ತಿತ್ತಾ?"

"ಅಕ್ಕ ಹೇಳ್ಬೇಡ ಅಂದಿದ್ಳು," ಎಂದು ಅಪ್ಪ ಗಿರಾಕಿಯ ಕಡೆ ತಿರುಗಿಕೊಂಡ.

ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂದವು. ನೇಕಾರರ ಮನೆಯಲ್ಲಿ ಹುಟ್ಟಿ, ಯಾವ ನೇಕಾರರ ಮಗುವಿಗೂ ಗೊತ್ತಿರುವುದು ಗೊತ್ತಿಲ್ಲದೆ, ಎಂದೂ ಮುಗಿಯದ ಹಕ್ಕನ್ನು ಛಾಪಾಕಾಗದದ ಮೇಲೆ ನನ್ನ ಕೈಯಾರೆ ಹೊಡೆದುಕೊಟ್ಟಿದ್ದೆ. ನಾನು ಚಾಪೆ ಕೆಳಗೆ ತೂರಿದರೆ ಅತ್ತೆ ರಂಗೋಲಿ ಕೆಳಗೆ ತೂರಿದ್ದಳು. ರಜೆ ಹಾಕಿ ಮಾರನೆಯ ಬೆಳಗಿನ ಬಸ್ಸು ಹತ್ತಿದೆ. ಪಾವಗಡ ಬರುವವರೆಗೆ ಅವಳಿಗೆ ಏನೇನು ಅನ್ನಬೇಕೆಂದು ಸಾಲು ಸಾಲಾಗಿ ಮನಸ್ಸಿನಲ್ಲೇ ಟೈಪು ಮಾಡಿಕೊಂಡೆ.

ಅತ್ತೆ ಗುಂಡಿಯ ಅಂಚಿನಲ್ಲಿ ಕುಳಿತು, ಎಳೆ ಜಾರದಂತೆ ಬೆರಳಿಗೆ ಹಚ್ಚಲು ಎಡಗಡೆ ಬೂದಿಯ ಬಟ್ಟಲಿಟ್ಟುಕೊಂಡು ಎಳೆ ಕೂಡಿಸುತ್ತಿದ್ದಳು. ಹಿಂದಿನ ಸಲ ಕೂಡಿಸಿದ್ದು ಗೇಣಿಗೆ ಬಂದಿತ್ತು, ಈಗ ಮತ್ತೊಂದು. ಕಳ್ಳತನ ಮಾಡುವಾಗಲೇ ಸಿಕ್ಕಿಬಿದ್ದವಳ ಲಕ್ಷಣ ಒಂದಿಷ್ಟೂ ಇರಲಿಲ್ಲ.

"ಏನತ್ತೆ, ನನಗೇ ಮೋಸ ಮಾಡಿದ್ಯಾ?" ಎಂದೆ ಬಾಗಿಲಲ್ಲೇ.

"ಮೊದ್ಲು ನೀರು ಕುಡಿ. ಬಸ್ಸಿಳಿದ ತಕ್ಷಣ ಜಗಳ ಆಡಿದ್ರೆ ತಲೆನೋವು ಬತ್ತೈತೆ."

ನೀರು ಕುಡಿದೆ. ಟೈಪು ಮಾಡಿಟ್ಟುಕೊಂಡಿದ್ದರಲ್ಲಿ ಅರ್ಧ ಮರೆತುಹೋಯಿತು.

"ಮೋಸ ಏನೈತೆ? ನಾನು ಹೇಳ್ದೆ, ನೀನು ಬರ್ದೆ. ಒಂದಕ್ಸರ ತಪ್ಪಿಲ್ಲ ಅಂತ ನೀನೇ ಅಂದೆ."

"ಮನೆ ಬಿಡೋಕೆ ಇಷ್ಟ ಇಲ್ಲ ಅಂದ್ರೆ ನೇರ ಹೇಳಬೌದಿತ್ತು."

"ಮನೆ ಮಾರ್ಕೊಳೆ. ಈ ಗೋಡೆ ಕಟ್ಕೊಂಡು ನಂಗೇನಾಗ್ಬೇಕು?" ಎಂದು ಒಂದು ಎಳೆ ಹೊಸೆದು ಮುಗಿಸಿ ನನ್ನ ಕಡೆ ನೋಡಿದಳು. "ಅವತ್ತು ಅಳಿಯಂದ್ರು ನೀಲಿ ಕಾಗದ ತೋರ್ಸಿದ್ರಲ್ಲ. ನನ್ ರೂಮಿನಾಗೆ ಮಂಚ ಬರ್ದಿದ್ರು, ಕಿಟಕಿ ಬರ್ದಿದ್ರು. ಗುಂಡಿ ಎಲ್ಲೂ ಇರ್ಲಿಲ್ಲ."

"ಈ ವಯಸ್ಸಿಗೆ ಇನ್ನೂ ಮಗ್ಗ ಯಾಕತ್ತೆ? ಆರಾಮಾಗಿರು ಅಂತ..."

"ಆರಾಮಾಗಿ ಏನ್ ಮಾಡ್ಲಿ? ಆ ಮಂಚದ ಮ್ಯಾಲೆ ಕೂತ್ಕಂಡು, ನೀನು ಆಫೀಸಿಂದ ಬಂದು ಬಡಿಸೋ ಹೊತ್ಗೆ ಕಾಯ್ಲಾ? ನಂಗೆ ಅನ್ನ ಹಾಕಿರೋದು ಈ ಕೈ. ಯಾವ ಮನೇಲಿದ್ರೂ ಅದೇ ಹಾಕ್ಬೇಕು. ಮಗ್ಗ ಇಲ್ದಿದ್ರೆ ನಾನು ನಿಮ್ಮನೆ ಸಾಮಾನು ಕಣಮ್ಮ."

"ಇದನ್ನ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ರಾ?"

ಕೇಳಿರಲಿಲ್ಲ. ಶೋಕೇಸಿನಲ್ಲಿ ಎಷ್ಟು ಗೊಂಬೆ ಹಿಡಿಸುತ್ತದೆ ಎಂಬುದರವರೆಗೆ ಮಾತಾಡಿದ್ದ ನಾವು, ಮನೆಯನ್ನೇ ಕೊಡುತ್ತಿರುವವಳನ್ನು ನೀನು ದಿನವಿಡೀ ಎಲ್ಲಿ ಕೂರುತ್ತೀಯ ಎಂದು ಒಮ್ಮೆಯೂ ಕೇಳಿರಲಿಲ್ಲ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಅತ್ತೆ ಅದನ್ನು ನೋಡಿ, ಸಾಕು ಬಿಡು ಎಂಬಂತೆ, ನುಗ್ಗೆಕಾಯಿ ಸಾರು ಇದೆ, ಉಣ್ಣು ಹೋಗು ಎಂದಳು. ಉಂಡ ಮೇಲೆ ತೀರ್ಪು ಕೊಟ್ಟಳು:

"ಗುಂಡಿ ತೋಡ್ಸು. ನಾನು ಬಂದು ಕೂತ್ ನೋಡ್ತೀನಿ. ಸರಿಹೋದ್ರೆ ಎಲ್ಲಿ ಬೇಕಾದ್ರೂ ಹೆಬ್ಬೆಟ್ಟು ಒತ್ತೀನಿ."

ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ನಮ್ಮ ಸ್ಥಿತಿ ಅದು. ಹಿಂದೂಪುರದ ಮನೆ ಮಾರದೆ ಕಲ್ಯಾಣದುರ್ಗದ ಮನೆ ಕಟ್ಟುವಂತಿಲ್ಲ. ಕಲ್ಯಾಣದುರ್ಗದಲ್ಲಿ ಗುಂಡಿ ಇಲ್ಲದೆ ಹಿಂದೂಪುರದ ಮನೆ ಮಾರುವಂತಿಲ್ಲ. ಯಜಮಾನರು ಒಂದು ಭಾನುವಾರವೆಲ್ಲ ತಲೆ ಕೆರೆದುಕೊಂಡು, ಕೊನೆಗೆ, "ಮನೆ ಆಮೇಲೆ ಕಟ್ಟೋಣ, ಗುಂಡಿ ಮೊದಲು ತೋಡೋಣ," ಎಂದರು. ಮದುವೆಯಾದಾಗಿನಿಂದ ಅವರು ಆಡಿದ ಮಾತುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಅದೇ.

ಹಾಗೆ, ಪಾಯ ಇಲ್ಲ, ಗೋಡೆ ಇಲ್ಲ, ಬರೀ ಬೇಲಿಯ ನಡುವೆ ಒಂದು ಗುಂಡಿ ಶುರುವಾಯಿತು. ಸೆಟ್ಟೂರು ಕಡೆಯ ಇಬ್ಬರು ಕೂಲಿಯವರು ತೋಡಿದರು. ಮೊಣಕಾಲುದ್ದಕ್ಕೆ ಬಂಡೆ ಸಿಕ್ಕಿತು. ಐದು ಅಡಿ ಪೂರ್ವಕ್ಕೆ ಸರಿದು ಮತ್ತೆ ತೋಡಿದರು. ದಾರಿಯಲ್ಲಿ ಹೋಗುವವರೆಲ್ಲ ನಿಂತು, ಬಾವಿಯಾ ಎಂದು ಕೇಳುವರು. ಅಲ್ಲ ಎಂದರೆ, ಮತ್ತೆ ಸಂಡಾಸಾ? ಅದೂ ಅಲ್ಲ ಎಂದರೆ ಗಾಬರಿಯಾಗಿ ಸುಮ್ಮನೆ ಮುಂದೆ ಹೋಗುವರು. ಗುಂಡಿ ಪೂರ್ವಕ್ಕೆ ಸರಿದದ್ದರಿಂದ ಅತ್ತೆಯ ಕೋಣೆ ಸರಿಯಿತು, ಅದರ ಹಿಂದೆ ಹಾಲು ಸರಿಯಿತು, ನನ್ನ ಶೋಕೇಸು ನಕ್ಷೆಯಿಂದಲೇ ಹಾರಿಹೋಯಿತು. ಆ ಕಾಲದಲ್ಲಿ ಶೋಕೇಸಿಲ್ಲದ ಮನೆ ಅಂದರೆ ಮೂಗಿಲ್ಲದ ಮುಖ. ಎರಡು ದಿನ ಮುನಿಸಿಕೊಂಡಿದ್ದು ಸುಮ್ಮನಾದೆ.

ಅತ್ತೆ ಗುಂಡಿ ನೋಡಲು ಬಂದಳು. ಕರೆದುಕೊಂಡು ಬಂದವನು ಪಂಚರ್ ಅಂಗಡಿಯವನೇ. ಅಷ್ಟು ಹೊತ್ತಿಗೆ ಅವನಿಗೆ ನಮಗಿಂತ ಅವಳ ಹತ್ತಿರ ಹೆಚ್ಚು ಸಲಿಗೆ. ಅತ್ತೆ ಬಿಸಿಲಿಗೆ ಕೊಡೆ ಹಿಡಿಸಿಕೊಂಡು ಬಟಾಬಯಲಲ್ಲಿ ಅಂಚಿಗೆ ಕುಳಿತು, ಕಾಲು ಇಳಿಬಿಟ್ಟು, ಕಣ್ಣು ಮುಚ್ಚಿ ಇಲ್ಲದ ಹಲಗೆಗಳನ್ನು ತುಳಿದಳು. ಕೈಗಳೂ ತಾವಾಗಿಯೇ ಇಲ್ಲದ ಲಾಳಿಯನ್ನು ಆಚೆಗೀಚೆಗೆ ಎಸೆದವು. ನಾವು ಮೂವರು ಪರೀಕ್ಷೆಯ ಫಲಿತಾಂಶಕ್ಕೆ ನಿಂತವರ ಹಾಗೆ ನಿಂತಿದ್ದೆವು.

"ಎಡಗಾಲ್ಗೆ ಎರಡು ಬೆಟ್ಟು ಸಾಲ್ದು," ಎಂದಳು.

ಕೂಲಿಯವನು ಅವಳ ಕಾಲಿನ ಪಕ್ಕದಲ್ಲೇ ಕೆರೆದು ಎರಡು ಬೆರಳಗಲ ತೆಗೆದ. ಮತ್ತೆ ತುಳಿದು ನೋಡಿದಳು.

"ಸರಿಪೋಯಿಂದಾ ಅಮ್ಮಾ?" ಎಂದ ಪಂಚರ್ ಅಂಗಡಿಯವನು, ತೆಲುಗಿನಲ್ಲಿ.

"ಸರಿಪೋಯಿಂದಿ ನಾಯನಾ," ಸರಿಹೋಯ್ತಪ್ಪ, ಎಂದಳು ಅವನ ಭಾಷೆಯಲ್ಲೇ. ಆಮೇಲೆ ಕನ್ನಡಕ್ಕೆ ತಿರುಗಿ, "ಮನೆ ನಿಂದು," ಎಂದಳು.

ಕ್ರಯದ ದಿನ ರಿಜಿಸ್ಟ್ರಾರ್ ಹಳೆಯ ದಾನಪತ್ರ ಓದಿ, ಹಾಸು ಮುಗಿಯಿತೇನಮ್ಮ ಎಂದು ಕೇಳಿದರು. ಎಲ್ಲರೂ ಹೂಂ ಅನ್ನು ಎಂದು ಕಣ್ಸನ್ನೆ ಮಾಡಿದೆವು. ಅತ್ತೆ, "ಮುಗಿದಿಲ್ಲ ಸ್ವಾಮಿ, ಮುಗಿಯೋದೂ ಇಲ್ಲ. ಮನೆ ಮಾತ್ರ ನಾನೇ ಬಿಟ್ಕೊಡ್ತಾ ಇವ್ನಿ," ಎಂದಳು. ನನಗೆ ಮೊದಲು ತಾರೀಖಿನ ಬುದ್ಧಿ ಹೇಳಿದ್ದ ಬರಹಗಾರ ಮೀಸೆಯೊಳಗೇ ನಗುತ್ತ ಹಾಗೆಯೇ ಬರೆದುಕೊಟ್ಟ. ಈ ಸಲವೂ ಹೆಬ್ಬೆಟ್ಟು ಮೂರು ಸಲ ಒತ್ತಬೇಕಾಯಿತು.

ಹೊರಗೆ ಬಂದ ಮೇಲೆ ಅತ್ತೆ ಯಜಮಾನರನ್ನು ಕೇಳಿದಳು. "ಹೊಸ ಮನೆಗೆ ಕಾಗದ ಬ್ಯಾಡ್ವಾ ಅಳಿಯಂದ್ರೆ?"

"ಯಾಕತ್ತೆ ಕಾಗದ? ಬಾಯಿಮಾತು ಸಾಲದಾ?"

"ಅದೇ ಮಾತು ತಾನೆ?"

"ಅದೇ ಮಾತು. ಹಾಸು ಮುಗಿಯೋವರೆಗೂ ಆ ಕೋಣೆ ನಿಮ್ಮದು."

ನಮ್ಮ ಮನೆ ಏಳುವವರೆಗೆ ಅತ್ತೆ ಹಿಂದೂಪುರದಲ್ಲೇ ಇದ್ದಳು. ಕೊಂಡವನು ಹೆಂಡತಿ ಮಕ್ಕಳೊಂದಿಗೆ ಹಿಂದಿನ ಕೋಣೆಗಳಿಗೆ ಬಂದ. ಮುಂದಿನ ಕೋಣೆಗೆ ಕಾಲಿಡುವಾಗ ತನ್ನದೇ ಮನೆಯಲ್ಲಿ, ಬರಲಾ ಅಮ್ಮಾ, ಎಂದು ಕೇಳುತ್ತಿದ್ದನಂತೆ. ಕೊನೆಗೆ ತನ್ನ ಗೆಳೆಯನ ಟೆಂಪೋದಲ್ಲಿ ಅವನೇ ಅವಳನ್ನು ಕರೆತಂದ, ಜೊತೆಗೆ ಬರಲು ನಾನೂ ಹೋಗಿದ್ದೆ. ಹಾಸನ್ನು ಕತ್ತರಿಸಲು ಅತ್ತೆ ಒಪ್ಪಲಿಲ್ಲ. ಅರ್ಧ ನೇಯ್ದ ಸೀರೆ, ಎಳೆಗಳನ್ನು ಬಿಡಿಸಿ ಹಿಡಿಯುವ ಹಣಿಗೆ, ಎಳೆ ಎಲ್ಲವನ್ನೂ ಹಾಗೇ ಸುತ್ತಿ, ಮೇಲೆ ಮಾವನ ಬಿಳಿ ಪಂಚೆ ಹೊದಿಸಿ, ನಾನು ಒಂದು ತುದಿ, ಅವಳು ಒಂದು ತುದಿ ತೊಡೆಯ ಮೇಲಿಟ್ಟುಕೊಂಡು ಕೂತೆವು. ಪಾವಗಡದ ಮೇಲೆ ಬರುವಾಗ ಆಂಧ್ರ ಬಿಟ್ಟು ಕರ್ನಾಟಕ ಹೊಕ್ಕು ಮತ್ತೆ ಆಂಧ್ರಕ್ಕೆ ಬರಬೇಕು. ಎರಡು ಚೆಕ್‌ಪೋಸ್ಟಿನಲ್ಲೂ ಪೇದೆಗಳು ಒಳಗೆ ಇಣುಕಿ, ಬಿಳಿ ಬಟ್ಟೆ ನೋಡಿ, ಟೋಪಿ ತೆಗೆದು ಮುಂದೆ ಬಿಟ್ಟರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದನ್ನು ಅವರು ಅಳು ಎಂದುಕೊಂಡಿರಬೇಕು.

ಆಮೇಲೆ ಹತ್ತು ಹನ್ನೆರಡು ವರ್ಷ ನಮ್ಮ ಮನೆಯಲ್ಲಿ ಟೈಪಿನ ಸದ್ದು ನನ್ನದು, ಮಗ್ಗದ ಸದ್ದು ಅವಳದು. ಅವಳ ಸೀರೆ ಅಪ್ಪನ ಅಂಗಡಿಯಲ್ಲೇ ಬಿಕರಿಯಾಗುತ್ತಿತ್ತು. ಯುಗಾದಿಗೆ ಯಜಮಾನರಿಗೆ ಪಂಚೆ ಅವಳೇ ತರುವಳು. ಭಾನುವಾರ ನನ್ನನ್ನು ಕೂರಿಸಿಕೊಂಡು ಎಳೆ ಕೂಡಿಸುವುದು ಕಲಿಸಿದಳು. ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ಎಳೆ ಹೊಸ ಎಳೆ ಜೊತೆಯಾಗಿ ಹಿಡಿದು, ಹೆಬ್ಬೆಟ್ಟಿನಿಂದ ಒಂದು ತೀಡು. ಮೊದಮೊದಲು ನಾನು ಕೂಡಿಸಿದ್ದೆಲ್ಲ ಎಳೆದ ಕೂಡಲೇ ಬಿಟ್ಟುಕೊಳ್ಳುತ್ತಿತ್ತು. "ಕಣ್ಣು ಮುಚ್ಚಿ ಟೈಪ್ ಹೊಡೀತೀಯ, ಎರಡೆಳೆ ಸೇರ್ಸಕ್ಕಾಗಲ್ವಾ ನಿಂಗೆ?" ಎನ್ನುವಳು. ಕಡೆಗಾಲಕ್ಕೆ ಅವಳ ಕಣ್ಣಿಗೆ ಪೊರೆ ಬಂದಾಗ ಅವಳೂ ಕಣ್ಣು ಮುಚ್ಚಿಯೇ ಕೂಡಿಸಿದಳು. ಒಂದೂ ಬಿಡುತ್ತಿರಲಿಲ್ಲ.

ತೊಂಬತ್ತರ ದಶಕದ ಒಂದು ವರ್ಷ, ಕಡಲೆಕಾಯಿ ಕೀಳುವ ಕಾಲದಲ್ಲಿ, ನಾಲ್ಕು ದಿನ ಜ್ವರದಲ್ಲಿ ಮಲಗಿ ಹೋಗಿಬಿಟ್ಟಳು. ಆ ನಾಲ್ಕು ದಿನ ಮಾತ್ರ ಮಂಚದ ಮೇಲಿದ್ದಳು.

ತಿಂಗಳು ಕಳೆದ ಮೇಲೆ ಯಜಮಾನರು ಆ ಕೋಣೆಯ ಮಾತೆತ್ತಿದರು. ಯಾರಾದರೂ ಕಾಲು ಜಾರಿ ಬಿದ್ದಾರು, ಗುಂಡಿ ಮುಚ್ಚಿಸಿ ಕಲ್ಲು ಹಾಸಿ ಊಟದ ಟೇಬಲ್ಲು ಹಾಕೋಣ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನೂ ಹೂಂ ಎಂದು, ಹಾಸು ಕತ್ತರಿಸಲು ಕತ್ತರಿ ತೆಗೆದುಕೊಂಡು ಒಳಗೆ ಹೋದೆ. ಹಣಿಗೆಯ ಹಿಂದೆ ಒಂದು ಗೇಣು ಎಳೆ ಉಳಿದಿತ್ತು. ಮೂಲೆಯಲ್ಲಿ ಮಾವನ ಆ ಬಿಳಿ ಪಂಚೆಯಲ್ಲಿ ಏನೋ ಸುತ್ತಿಟ್ಟಿತ್ತು. ಬಿಚ್ಚಿದೆ. ಹೊಸ ಹಾಸು. ಜ್ವರ ಬರುವ ಮೊದಲೇ ತರಿಸಿ ಇಟ್ಟಿದ್ದಳು. ಅವಳು ಹೋದ ದಿನ ಅಳದಿದ್ದ ನಾನು ಅವತ್ತು ಗುಂಡಿಯ ಅಂಚಿನಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಯಜಮಾನರು ಅಳತೆ ಟೇಪು ಹಿಡಿದು ಬಂದಾಗ ನನ್ನ ಬೆರಳಿಗೆಲ್ಲ ಬೂದಿ ಮೆತ್ತಿತ್ತು. ಏಳೋ ಎಂಟೋ ಎಳೆ ಕೂಡಿಸಿದ್ದೆ. ಗಾರೆಯವನನ್ನು ಯಾವತ್ತು ಬಾ ಅನ್ನಲಿ ಎಂದು ಕೇಳಿದರು.

"ಹಾಸು ಮುಗಿಯುವ ಪರ್ಯಂತ ಈ ಕೋಣೆ ಅತ್ತೆಯದು," ಎಂದೆ. "ಬಾಯಿಮಾತು ಕೊಟ್ಟವರು ನೀವು."

ನನಗೆ ನೇಯಲು ಬರುವುದಿಲ್ಲ, ಈ ಹಾಸನ್ನು ನೇಯುವವರು ಯಾರು ಎಂದು ಅವರು ಕೇಳಬಹುದಿತ್ತು. ಕೇಳಲಿಲ್ಲ. ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು, ಬಗ್ಗಿ, ಬೂದಿಯ ಬಟ್ಟಲನ್ನು ನನ್ನ ಕೈಗೆಟುಕುವ ಹಾಗೆ ಹತ್ತಿರಕ್ಕೆ ಸರಿಸಿದರು.